60ಕೆ ವಿಟಮಿನ್ ಡಿ ಪುಡಿ: ಮೂಳೆಗೆ ಸರಿ, ಕರುಳಿನ ಕ್ಯಾನ್ಸರ್‌ಗೆ ಇದನ್ನು ನಂಬಿ ಕೂರಬೇಡಿ

ಮೆಡಿಕಲ್ ಶಾಪ್‌ನಲ್ಲಿ "ಸಿಕ್ಸ್ಟಿ ಕೆ ಕೊಡಿ" ಅಂದರೆ ಸಾಕು, ಯಾವುದಾದರೊಂದು ಕಂಪನಿಯ ಪುಟ್ಟ ಪ್ಯಾಕೆಟ್ ಕೈಗೆ ಬರುತ್ತದೆ. ಒಳಗೆ 1 ಗ್ರಾಂ ಪುಡಿ, ಅದರಲ್ಲಿ 60,000 ಐಯು (ವಿಟಮಿನ್ ಅಳೆಯುವ ಲೆಕ್ಕ) ವಿಟಮಿನ್ ಡಿ3. ರಿಪೋರ್ಟ್‌ನಲ್ಲಿ ಡಿ ತುಂಬಾ ಕಡಿಮೆ ಬಂದಿದ್ದಕ್ಕೆ ಡಾಕ್ಟರ್ ಬರೆದುಕೊಟ್ಟರು, ನಾನೂ ವಾರಕ್ಕೊಂದರಂತೆ ಕೋರ್ಸ್ ಮುಗಿಸಿದೆ. ಆ ಕೆಲಸಕ್ಕೆ ಇದು ಒಳ್ಳೆಯ ಔಷಧಿ. ರುಚಿ ಸಿಹಿ, ಹಾಲಿಗೆ ಹಾಕಿ ಕಲಕಿದರೆ ಕುಡಿಯಲು ಕಷ್ಟವಿಲ್ಲ, ಲೋಟದ ತಳದಲ್ಲಿ ಸ್ವಲ್ಪ ಉಳಿಯುತ್ತದೆ, ಇನ್ನೊಂದು ಗುಟುಕು ಹಾಲು ಹಾಕಿ ಅದನ್ನೂ ಕುಡಿಯಬೇಕು. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಬರೀ ನೀರಿಗಿಂತ ಹಾಲು ಅಥವಾ ಊಟದ ಜೊತೆ ತಗೊಳ್ಳೋದು ಒಳ್ಳೆಯದು. ಮುಂದಿನ ಟೆಸ್ಟ್‌ನಲ್ಲಿ ಮಟ್ಟ ಸರಿಯಾಗಿತ್ತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಹೋದರು. ಅವರ ಮಗ, ಅಂದರೆ ನನ್ನ ಅಣ್ಣ, "ಡಿ ಚೆನ್ನಾಗಿದ್ದರೆ ಕರುಳಿನ ಕ್ಯಾನ್ಸರ್ ಬರಲ್ವಂತೆ" ಅಂತ ಯಾರೋ ಕಳಿಸಿದ ಮೆಸೇಜ್ ನಂಬಿ ಈ ಪುಡಿ ತಗೊಳ್ಳುತ್ತಾ, ಡಾಕ್ಟರ್ ಹೇಳಿದ್ದ ಕೊಲೊನೋಸ್ಕೋಪಿಯನ್ನು, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆಯನ್ನು, ಮುಂದೂಡುತ್ತಾ ಬಂದ. ಆಗ ನಾನು ಕೂತು ಓದಲು ಶುರು ಮಾಡಿದೆ.

ಮೆಸೇಜ್ ಪೂರ್ತಿ ಸುಳ್ಳೇನಲ್ಲ, ತೊಂದರೆ ಅಲ್ಲೇ ಇರೋದು. 1980ರಲ್ಲಿ ಅಮೆರಿಕದ ಗಾರ್ಲಂಡ್ ಸಹೋದರರು ಒಂದು ವಿಷಯ ಮುಂದಿಟ್ಟರು: ಬಿಸಿಲು ಜಾಸ್ತಿ ಇರುವ ರಾಜ್ಯಗಳಲ್ಲಿ ಕರುಳಿನ ಕ್ಯಾನ್ಸರ್‌ನಿಂದ ಸಾಯುವವರು ಕಡಿಮೆ, ಇದಕ್ಕೆ ವಿಟಮಿನ್ ಡಿ ಕಾರಣ ಇರಬಹುದು. ಆಮೇಲೆ ಲ್ಯಾಬ್‌ಗಳಲ್ಲಿ ಕಂಡದ್ದು ನಿಜಕ್ಕೂ ಆಸಕ್ತಿ ಹುಟ್ಟಿಸುವಂಥದ್ದು. ನಾವು ನುಂಗಿದ ಡಿ ಮೊದಲು ಲಿವರ್‌ನಲ್ಲಿ, ಆಮೇಲೆ ಕಿಡ್ನಿಯಲ್ಲಿ ಬದಲಾಗಿ ಕ್ಯಾಲ್ಸಿಟ್ರಿಯಾಲ್ ಅನ್ನುವ ಹಾರ್ಮೋನ್ ಆಗುತ್ತದೆ. ಕರುಳಿನ ಜೀವಕೋಶಗಳೂ ಸ್ವಲ್ಪ ಮಟ್ಟಿಗೆ ಅದನ್ನು ತಾವೇ ಮಾಡಿಕೊಳ್ಳುತ್ತವೆ. ಅದು ಕೋಶದೊಳಗಿನ ವಿಡಿಆರ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಾಗ ನೂರಾರು ಜೀನ್‌ಗಳ ಕೆಲಸ ಹೆಚ್ಚೋ ಕಡಿಮೆಯೋ ಆಗುತ್ತದೆ.

ಇನ್ನು ಕ್ಯಾನ್ಸರ್ ಕಡೆ ನೋಡಿ. ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲಿನಲ್ಲಿ ಎಪಿಸಿ ಅನ್ನುವ ಜೀನ್ ಕೆಟ್ಟಿರುತ್ತದೆ. ಅದು ಕೆಟ್ಟರೆ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್‌ಗೆ ಲಗಾಮು ಇರುವುದಿಲ್ಲ, ಅದು ಕೋಶದ ಕೇಂದ್ರಕ್ಕೆ ಹೋಗಿ ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತಲೇ ಇರುತ್ತದೆ. 2001ರಲ್ಲಿ ಸ್ಪೇನ್‌ನ ಆಲ್ಬರ್ಟೊ ಮುನ್ಯೋಸ್ ಅವರ ತಂಡ ತೋರಿಸಿದ್ದು ಇದನ್ನೇ: ಕ್ಯಾಲ್ಸಿಟ್ರಿಯಾಲ್ ಕೊಟ್ಟಾಗ ವಿಡಿಆರ್ ಈ ಬೀಟಾ-ಕ್ಯಾಟೆನಿನ್‌ ಅನ್ನು ಹಿಡಿದುಕೊಳ್ಳುತ್ತದೆ, ಜೊತೆಗೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡೆರಿನ್ ಹೆಚ್ಚಾಗುತ್ತದೆ, ದಿಕ್ಕೆಟ್ಟು ಬೆಳೆಯುತ್ತಿದ್ದ ಕೋಶಗಳು ಮತ್ತೆ ಒತ್ತೊತ್ತಾಗಿ ಗುಂಪು ಕೂಡುತ್ತವೆ. ಲ್ಯಾಬ್‌ನ ತಟ್ಟೆಯಲ್ಲಿ ಇದು ಆಗಿದೆ. ಅದಕ್ಕೇ ವಿಜ್ಞಾನಿಗಳು ಇನ್ನೂ ಇದರ ಹಿಂದೆ ಬಿದ್ದಿದ್ದಾರೆ, ಬೀಳಬೇಕು ಕೂಡ.

ಆದರೆ ಗಡ್ಡೆ ಮುಂದುವರಿದಂತೆ ಸ್ನೇಲ್ ಅನ್ನುವ ಇನ್ನೊಂದು ಪ್ರೋಟೀನ್ ಹೆಚ್ಚಾಗಿ ವಿಡಿಆರ್ ತಯಾರಾಗುವುದನ್ನೇ ತಡೆಯುತ್ತದೆ. ಎಷ್ಟೋ ಗಡ್ಡೆಗಳಲ್ಲಿ ಕ್ಯಾಲ್ಸಿಟ್ರಿಯಾಲ್ ಅನ್ನು ಒಡೆದು ಹಾಕುವ ಕಿಣ್ವವೂ ಜಾಸ್ತಿ. ಹೀಗಾದಾಗ ಡಿ ಕಳಿಸುವುದು ಬೀಗ ಹಾಕಿದ ಮನೆಗೆ ಕಾಗದ ಹಾಕಿದ ಹಾಗೆ, ತೆಗೆದು ಓದುವವರು ಒಳಗೆ ಯಾರೂ ಇಲ್ಲ. ಅಲ್ಲದೆ ರಕ್ತದಲ್ಲಿ ಕ್ಯಾಲ್ಸಿಟ್ರಿಯಾಲ್ ಎಷ್ಟಿರಬೇಕು ಅಂತ ನಮ್ಮ ದೇಹ ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಹೊಟ್ಟೆಗೆ ಎರಡು ಪಟ್ಟು ಡಿ ಹಾಕಿದರೆ ಹಾರ್ಮೋನ್ ಎರಡು ಪಟ್ಟಾಗುವುದಿಲ್ಲ.

ಜನರ ಮೇಲೆ ಪರೀಕ್ಷೆ ಮಾಡಿದಾಗ ಏನಾಯ್ತು? ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನ ಇದ್ದರು, ಅರ್ಧ ಜನಕ್ಕೆ ದಿನಕ್ಕೆ 2,000 ಐಯು ಡಿ, ಸುಮಾರು 5 ವರ್ಷ. 2018ರ ಕೊನೆಗೆ ಬಂದ ಫಲಿತಾಂಶ: ಕ್ಯಾನ್ಸರ್ ಬರುವುದು ಕಡಿಮೆ ಆಗಲಿಲ್ಲ. ಅದಕ್ಕೂ ಮುಂಚೆ 36,282 ಮಹಿಳೆಯರಿಗೆ ಸುಮಾರು 7 ವರ್ಷ ಕ್ಯಾಲ್ಸಿಯಂ ಮತ್ತು ಕಡಿಮೆ ಡೋಸ್ ಡಿ, ಇಲ್ಲವೇ ಬರೀ ಡಮ್ಮಿ ಮಾತ್ರೆ ಕೊಟ್ಟು ನೋಡಿದ್ದರು, ಕರುಳಿನ ಕ್ಯಾನ್ಸರ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ಪ್ಯಾಕೆಟ್‌ಗೆ ತೀರಾ ಹತ್ತಿರದ್ದು ಆಸ್ಟ್ರೇಲಿಯಾದ ಡಿ-ಹೆಲ್ತ್. 60 ದಾಟಿದ 21 ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ ಅರ್ಧ ಜನಕ್ಕೆ ತಿಂಗಳಿಗೊಮ್ಮೆ ಸರಿಯಾಗಿ 60,000 ಐಯು. ಅಲ್ಲೂ ಸಾವಿನ ಪ್ರಮಾಣ ಇಳಿಯಲಿಲ್ಲ. ಒಂದು ಮಾತು ಹೇಳಲೇಬೇಕು: ವೈಟಲ್‌ನಲ್ಲಿದ್ದ ಹೆಚ್ಚಿನವರಿಗೆ ಮೊದಲೇ ಡಿ ಸಾಕಷ್ಟಿತ್ತು. ಹಾಗಾಗಿ ನಮ್ಮಂತೆ ತೀರಾ ಕಡಿಮೆ ಇರುವವರ ಪ್ರಶ್ನೆಗೆ ಅದರಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಅದಕ್ಕೇ ಕಡಿಮೆ ಇದ್ದರೆ ಸರಿಪಡಿಸಿಕೊಳ್ಳಿ ಅನ್ನುತ್ತೇನೆ, ಮೂಳೆಗಾದರೂ ಅದು ಬೇಕೇ ಬೇಕು.

ಕರುಳಿಗೆ ಮಾತ್ರ ಕೊಲೊನೋಸ್ಕೋಪಿಯ ಜಾಗದಲ್ಲಿ ಈ ಪುಡಿ ಬರಲ್ಲ. ಅಲ್ಲಿ ಕ್ಯಾನ್ಸರ್ ಆಗುವ ಮುಂಚಿನ ಪಾಲಿಪ್ (ಕರುಳಿನ ಒಳಗೋಡೆಯ ಪುಟ್ಟ ಗಂಟು) ಕಣ್ಣಿಗೆ ಕಾಣುತ್ತದೆ, ಕಂಡರೆ ಅಲ್ಲೇ ತೆಗೆಯುತ್ತಾರೆ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಈ ಕಾಯಿಲೆ ಇದ್ದರೆ 40ಕ್ಕೇ, ಅಥವಾ ಅವರಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಬೇಗವೋ ಆಗ ಮಾಡಿಸಿ ಅಂತ ಡಾಕ್ಟರ್‌ಗಳು ಹೇಳುತ್ತಾರೆ. ಇದನ್ನೆಲ್ಲ ಹೇಳಿದ ಮೇಲೆ ಅಣ್ಣ ಹೋಗಿ ಮಾಡಿಸಿಕೊಂಡ. ಮಲದಲ್ಲಿ ರಕ್ತ ಕಂಡರಂತೂ ಮೂಲವ್ಯಾಧಿ ಇರಬೇಕು ಬಿಡು ಅಂತ ಸುಮ್ನೆ ಕೂರಬೇಡಿ. ದೊಡ್ಡಪ್ಪ ಹಾಗೇ ಅಂದುಕೊಂಡು ತಿಂಗಳುಗಟ್ಟಲೆ ಕಳೆದಿದ್ದರು.

ನನ್ನ ದೂರು ಪ್ಯಾಕೆಟ್ ಮೇಲಿನ ಬರಹದ ಬಗ್ಗೆ. ನನಗೆ ಸಿಕ್ಕಿದ್ದರಲ್ಲಿ ಕನ್ನಡ ಒಂದಕ್ಷರ ಇಲ್ಲ, ಇಂಗ್ಲಿಷ್ ಕೂಡ ಸಾಸಿವೆ ಗಾತ್ರದಲ್ಲಿ, ಡಾಕ್ಟರ್ ಹೇಳಿದಂತೆ ತಗೊಳ್ಳಿ ಅಂತಷ್ಟೇ. ನಮ್ಮ ಬೀದಿಯ ಹಿರಿಯರೊಬ್ಬರು ವಾರಕ್ಕೊಂದು ತಗೋಬೇಕಾದ್ದನ್ನು ದಿನಕ್ಕೊಂದರಂತೆ ಕುಡಿದು, ವಾಂತಿ, ಮಲಬದ್ಧತೆ, ತಡೆಯಲಾರದ ದಾಹ ಅಂತ ಆಸ್ಪತ್ರೆ ಸೇರಿದರು, ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಚೀಟಿ ಇಲ್ಲದೆ ಕೇಳಿದಷ್ಟು ಕೊಟ್ಟ ಅಂಗಡಿಯವರೂ ಒಂದು ಮಾತು ಹೇಳಿರಲಿಲ್ಲ. "ವಾರಕ್ಕೆ ಒಂದು ಮಾತ್ರ" ಅಂತ ಕನ್ನಡದಲ್ಲಿ ದಪ್ಪಗೆ ಅಚ್ಚು ಹಾಕಲು ಕಂಪನಿಗಳಿಗೆ ಏನು ಕಷ್ಟ? ಕಿಡ್ನಿ ಕಲ್ಲು ಇದ್ದವರು, ಕಿಡ್ನಿ ತೊಂದರೆ ಇರುವವರು ಡಾಕ್ಟರ್‌ನ ಕೇಳದೆ ಮುಟ್ಟಬಾರದು. ಮನೆಯ ಹಿರಿಯರಿಗೆ ತರುವವರು ಒಂದೊಂದು ಪ್ಯಾಕೆಟ್ ಮೇಲೂ ಕುಡಿಯಬೇಕಾದ ತಾರೀಖು ಬರೆದು ಕೊಡಿ.