ಮಳೆಗಾಲ ಕಳೆದ ಪೆಟ್ರೋಲ್‌ನಲ್ಲಿ ದೋಣಿ ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಸ್ಟಾರ್ಟ್ ಆಗದ ಇಂಜಿನ್ ಯಾರಿಗೂ ಏನೂ ಮಾಡುವುದಿಲ್ಲ. ದಡದಲ್ಲೇ ಕೂತಿರುತ್ತದೆ, ನಾವು ನಾಲ್ಕು ಬೈದು ಮನೆಗೆ ಹೋಗುತ್ತೇವೆ. ಹಳೇ ಪೆಟ್ರೋಲ್‌ನಲ್ಲಿ ಹೇಗೋ ಸ್ಟಾರ್ಟ್ ಆಗಿಬಿಡುತ್ತದಲ್ಲ, ಆ ಇಂಜಿನ್‌ಗೆ ಹೆದರಬೇಕು. ನನ್ನದು ಆಗಿಬಿಟ್ಟಿತು.

ನಮ್ಮದು ಕುಂದಾಪುರದಲ್ಲಿ ಹೊಳೆ ಬದಿಯ ಮನೆ. ಮೀನು ಹಿಡಿಯುವುದು ನನ್ನ ಕಸುಬಲ್ಲ. ರಜೆಯಲ್ಲಿ ಗಾಳ ಹಾಕಲು, ನೆಂಟರು ಬಂದರೆ ಕುದ್ರು (ಹೊಳೆ ನಡುವಿನ ನಡುಗಡ್ಡೆ) ಸುತ್ತಿಸಲು ಒಂದು ಸಣ್ಣ ಫೈಬರ್ ದೋಣಿ ಇದೆ. ಅದರ ಹಿಂದೆ 8 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕುವ ಜಾತಿ, ಲೀಟರಿಗೆ 20 ಮಿ.ಲೀ. ಮೇ ಕೊನೆಗೆ ದೋಣಿ ಮೇಲೆಳೆದು ಇಟ್ಟವನು ಮತ್ತೆ ಮುಟ್ಟಿದ್ದು ಅಕ್ಟೋಬರ್‌ನಲ್ಲಿ. ಟ್ಯಾಂಕಿನಲ್ಲಿ ಸುಮಾರು 11 ಲೀಟರ್ ಉಳಿದಿತ್ತು. ಸಾವಿರದ ನೂರು ರೂಪಾಯಿ ಪೆಟ್ರೋಲ್, ಸುಮ್ನೆ ಚೆಲ್ಲುವುದಕ್ಕೆ ಮನಸ್ಸು ಬರುತ್ತದಾ?

ಇನ್ನೊಂದು ತಪ್ಪು ಮೇ ತಿಂಗಳಲ್ಲೇ ಆಗಿತ್ತು. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡದೆ ಬಿಟ್ಟಿದ್ದೆ. ಶೆಡ್ಡಿನ ಹೆಂಚು ಒಂದು ಕಡೆ ಒಡೆದಿತ್ತು. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಹೆಚ್ಚಿನದೆಲ್ಲ ಆ ನಾಲ್ಕು ತಿಂಗಳಲ್ಲೇ. ಮುಂದಿನದನ್ನು ಊಹಿಸಿಕೊಳ್ಳಿ.

ಆವತ್ತು ಅಣ್ಣನ ಮಗನೂ ಜೊತೆಗಿದ್ದ, ಪಿಯುಸಿ ಓದುವ ಹುಡುಗ. ಟ್ಯಾಂಕನ್ನು ದೋಣಿಗೆ ಹೊತ್ತು ತಂದವನು ಅವನೇ. "ಚಿಕ್ಕಯ್ಯ, ವಾಸ್ನಿ ಒಂಥರಾ ಇತ್ತಲ್ದಾ?" ಅಂದ. ಆಯಿಲ್ ವಾಸನೆ ಅದು ಅಂತ ನಾನು ದೊಡ್ಡವನ ಹಾಗೆ ಹೇಳಿದೆ. ನಿಜ ಹೇಳಬೇಕೆಂದರೆ ಅದು ಹೊಸ ಬಾಗಿಲಿಗೆ ಬಳಿದ ವಾರ್ನಿಶ್‌ನ ವಾಸನೆ.

ಹಗ್ಗ ಎಳೆದೆ. ಮೂವತ್ತು ಸಲವೋ ನಲವತ್ತು ಸಲವೋ, ಭುಜ ಬಿದ್ದುಹೋಯಿತು. ಪ್ಲಗ್ ಬಿಚ್ಚಿ ಒರೆಸಿದೆ. ಆಮೇಲೆ ಯಾರೋ ಹೇಳಿಕೊಟ್ಟ ಉಪಾಯ ನೆನಪಾಯಿತು. ಬೈಕಿನಿಂದ ಒಂದು ಚಮಚ ಹೊಸ ಪೆಟ್ರೋಲ್ ತೆಗೆದು ಪ್ಲಗ್ಗಿನ ತೂತಿಗೆ ಹಾಕಿದೆ. ಜಾಸ್ತಿಯಾಯಿತೇನೋ, ಸ್ವಲ್ಪ ಹೊರಗೆ ಬರಲಿ ಎಂದು ಪ್ಲಗ್ ಹಾಕದೆಯೇ ಒಮ್ಮೆ ಹಗ್ಗ ಎಳೆದೆ. ಪ್ಲಗ್ ವಯರಿನ ತುದಿ ಪಕ್ಕದಲ್ಲೇ ನೇತಾಡುತ್ತಿತ್ತು. ತೂತಿನಿಂದ ಪೆಟ್ರೋಲ್ ಆವಿ ಚಿಮ್ಮಿತು, ವಯರಿನಿಂದ ಕಿಡಿ ಹಾರಿತು, ಭಗ್ ಎಂದು ಹತ್ತಿ ಆರಿತು. ಕೈ ಮೇಲಿನ ಕೂದಲು ಮಾತ್ರ ಹೋಯಿತು. ಪಕ್ಕದಲ್ಲೇ 11 ಲೀಟರ್ ಟ್ಯಾಂಕ್ ಇತ್ತು, ಗಾಳಿ ಸ್ಕ್ರೂ ತೆರೆದೇ ಇತ್ತು. ಈಗಲೂ ರಾತ್ರಿ ನೆನಪಾದರೆ ಎದ್ದು ಕೂರುತ್ತೇನೆ.

ಅಲ್ಲಿಗೆ ನಿಲ್ಲಿಸಬೇಕಿತ್ತು ಅಲ್ವಾ? ನಿಲ್ಲಿಸಲಿಲ್ಲ. ಪ್ಲಗ್ ಹಾಕಿ ಮೂರು ಸಲ ಎಳೆದೆ, ಬಿಳಿ ಹೊಗೆ ಬಿಟ್ಟುಕೊಂಡು ಸ್ಟಾರ್ಟ್ ಆಯಿತು. ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಎಳೆಯಲು ಇರುವ ಚೋಕನ್ನು ಪೂರ್ತಿ ಒಳಗೆ ತಳ್ಳಿದರೆ ನಿಂತುಹೋಗುತ್ತಿತ್ತು. ಅರ್ಧ ಎಳೆದಿಟ್ಟರೆ ಓಡುತ್ತಿತ್ತು. ಇದನ್ನು ದಯವಿಟ್ಟು ನೆನಪಿಡಿ. ಬಿಸಿಯಾದ ಮೇಲೂ ಚೋಕ್ ಬೇಡುವ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿಕೊಂಡಿದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಬರುವ ಆಯಿಲ್ಲೂ ಕಡಿಮೆ. ನಾನು ಮಾತ್ರ "ನಾಲ್ಕು ತಿಂಗಳು ನಿಂತಿತ್ತಲ್ಲ, ಓಡಿದರೆ ಸರಿ ಹೋಗುತ್ತದೆ" ಎಂದುಕೊಂಡೆ.

ಪಂಚಗಂಗಾವಳಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಐದು ಹೊಳೆ ಒಟ್ಟಾಗಿ ಗಂಗೊಳ್ಳಿ ಮತ್ತು ಕೋಡಿಯ ಮಧ್ಯೆ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಇಳಿತದ ಹೊತ್ತಿಗೆ ಅಷ್ಟೂ ನೀರು ಆ ಒಂದು ಬಾಯಿಂದಲೇ ಹೊರಗೆ ಹೋಗಬೇಕು. ನಾವು ಅಳಿವೆಯಿಂದ ಸ್ವಲ್ಪ ಒಳಗೇ ಇಂಜಿನ್ ಬಂದ್ ಮಾಡಿ ಗಾಳ ಹಾಕಿದೆವು. ಎರಡು ಕಾಣೆ ಸಿಕ್ಕವು. ಒಂದು ಗಂಟೆ ಕಳೆಯಿತು. ಇಳಿತ ಶುರುವಾಗಿದೆ ಎಂದು ಗೊತ್ತಾದದ್ದು ಕೋಡಿ ಕಡೆಯ ಕಲ್ಲಿನ ತಡೆಗೋಡೆ ಹತ್ತಿರ ಕಾಣತೊಡಗಿದಾಗ.

ಹತ್ತು ಸಲ ಎಳೆದ ಮೇಲೆ ಇಂಜಿನ್ ಹತ್ತಿಕೊಂಡಿತು. ನೀರಿನ ಎದುರು ಹೋಗಬೇಕಲ್ಲ, ಪೂರ್ತಿ ಥ್ರಾಟಲ್ ಕೊಟ್ಟೆ. ಕೆಮ್ಮಿತು, ತಡವರಿಸಿತು, ಆಮೇಲೆ ಇದ್ದಕ್ಕಿದ್ದಂತೆ ಜೋರಾಗಿ ಕೂಗಿಕೊಂಡು ಓಡಿತು. ಸರಿಹೋಯಿತು ಎಂದು ಖುಷಿಪಟ್ಟೆ. ಸಾಯುವ ಮುಂಚಿನ ಕೂಗು ಅದು ಎಂದು ಆಮೇಲೆ ಮೆಕ್ಯಾನಿಕ್ ಹೇಳಿದರು. ಹತ್ತು ಸೆಕೆಂಡ್ ಇರಬಹುದು. ಕಿರ್ರ್ ಎಂದು ನಿಂತಿತು. ಹಗ್ಗ ಎಳೆದರೆ ಗೋಡೆಗೆ ಕಟ್ಟಿದ ಹಾಗೆ, ಒಂದಿಂಚೂ ಬರಲಿಲ್ಲ.

ಇದ್ದದ್ದು ಒಂದು ಹುಟ್ಟು, ಒಂದು ಲೈಫ್ ಜಾಕೆಟ್. ಜಾಕೆಟ್ ಹುಡುಗನ ಮೈಮೇಲಿತ್ತು, ಅಷ್ಟು ಬುದ್ಧಿ ಇತ್ತು ನನಗೆ. ಲಂಗರು ಹಾಕಿದರೆ ಹಗ್ಗ ಗಿಡ್ಡ, ಕೆಳಗೆ ಹಿಡಿಯಲೇ ಇಲ್ಲ. ಕರಾವಳಿ ಕಾವಲು ಪೊಲೀಸರದ್ದು 1093, ಕೋಸ್ಟ್ ಗಾರ್ಡಿನದ್ದು 1554. ಇವು ನನಗೆ ಆವತ್ತು ಗೊತ್ತಿರಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಮಾಡಿದ್ದು ಟೀ ಶರ್ಟ್ ಬಿಚ್ಚಿ ಬೀಸಿದ್ದು. ಪುಣ್ಯಕ್ಕೆ ಒಂದು ನಾಡದೋಣಿ ಒಳಗೆ ಬರುತ್ತಿತ್ತು. "ಎಂತ ಆಯ್ತ್ ಮಾರಾಯ್ರೆ?" ಎಂದು ಕೇಳಿ ಹಗ್ಗ ಎಸೆದರು. ದಡ ಮುಟ್ಟುವವರೆಗೂ ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಮೆಕ್ಯಾನಿಕ್ ಇಂಜಿನ್ ಬಿಚ್ಚುವ ಮೊದಲು ಟ್ಯಾಂಕಿನ ತಳದಿಂದ ಒಂದು ಬಾಟಲಿ ತೆಗೆದು ಇಟ್ಟರು. ಸ್ವಲ್ಪ ಹೊತ್ತಿನಲ್ಲಿ ಅದು ಎರಡಾಯಿತು. ಮೇಲೆ ಆಯಿಲ್ ಬಣ್ಣದ ಪೆಟ್ರೋಲ್, ಕೆಳಗೆ ಮಬ್ಬು ನೀರಿನಂಥದ್ದು. "ಹ್ವಾಯ್, ಇದ್ ಪೆಟ್ರೋಲಾ, ಎಂತ ಇದ್?" ಅಂದರು.

ವಿಷಯ ಇಷ್ಟು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ. ನೂರಕ್ಕೆ 20 ಪಾಲಿನ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್‌ಗೆ ನೀರು ಎಂದರೆ ಪ್ರೀತಿ. ಸ್ವಲ್ಪ ನೀರು ಸೇರಿದರೆ ಹಿಡಿದಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ನಾವು ಹಾಕಿದ ಆಯಿಲ್ ಮಾತ್ರ ಮೇಲೆ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪ್ ಎಳೆಯುವುದು ತಳದಿಂದ. ಬೆಳಿಗ್ಗೆ ಹುಡುಗ ಹೊತ್ತು ತರುವಾಗ ಟ್ಯಾಂಕ್ ಕುಲುಕಿ ಎಲ್ಲ ಕಲಸಿತ್ತು, ಹಾಗಾಗಿ ಹೇಗೋ ಓಡಿತು. ಗಾಳ ಹಾಕಿ ಸುಮ್ನೆ ಕೂತ ಒಂದು ಗಂಟೆಯಲ್ಲಿ ಮತ್ತೆ ತಳ ಕಟ್ಟಿತು. ಆಮೇಲೆ ಇಂಜಿನ್ ಕುಡಿದದ್ದರಲ್ಲಿ ಆಯಿಲ್ಲೇ ಇಲ್ಲ. ಸಾಲದ್ದಕ್ಕೆ ಕಾರ್ಬೊರೇಟರ್ ಬಟ್ಟಲಿನಲ್ಲಿ ಮೇ ತಿಂಗಳ ಪೆಟ್ರೋಲ್ ಆರಿ ಅಂಟಾಗಿ, ಮೇನ್ ಜೆಟ್ ಅರ್ಧ ಮುಚ್ಚಿತ್ತು. ಪಿಸ್ಟನ್ ಮೈ ತುಂಬ ಗೀರು. ಪಿಸ್ಟನ್, ರಿಂಗ್, ಬೋರ್, ಕಾರ್ಬೊರೇಟರ್ ಕಿಟ್ ಎಲ್ಲ ಸೇರಿ 14,600 ರೂಪಾಯಿ.

ಫೋರ್ ಸ್ಟ್ರೋಕ್ ಇದ್ದವರು ನಗಬೇಡಿ. ನಿಮಗೆ ಆಯಿಲ್ ಬೇರೆ ಇರುವುದರಿಂದ ಹೀಗೆ ಜಾಮ್ ಆಗಲಿಕ್ಕಿಲ್ಲ. ಆದರೆ ಸಣ್ಣ ಫೋರ್ ಸ್ಟ್ರೋಕ್‌ಗಳ ಜೆಟ್ಟಿನ ತೂತು ಬಹಳ ಸಣ್ಣದು, ಬೇಗ ಕಟ್ಟುತ್ತದೆ. ಅಳಿವೆಯಲ್ಲಿ ನಿಂತರೆ ಯಾವ ಸ್ಟ್ರೋಕ್ ಆದರೂ ಒಂದೇ.

ಈಗ ನಾನು ಮಾಡುವುದು ಇಷ್ಟೇ. ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಾದರೆ ಪೆಟ್ರೋಲ್ ಪೈಪ್ ಕಳಚಿ, ಕೂಲಿಂಗ್ ನೀರು ಕೊಟ್ಟುಕೊಂಡು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಆಮೇಲೆ ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಬಸಿಯುತ್ತೇನೆ. ಸೀಮೆಎಣ್ಣೆಯಲ್ಲಿ ಓಡಿಸುವ ನಾಡದೋಣಿಯವರಿಗೆ ಈ ಬುದ್ಧಿ ಮೊದಲಿಂದಲೂ ಇದೆ. ದಡಕ್ಕೆ ಬರುವ ಮುಂಚೆ ಪೆಟ್ರೋಲ್‌ಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಿಯೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಮರುದಿನ ಸ್ಟಾರ್ಟ್ ಆಗುವುದಿಲ್ಲ. ಕಣ್ಣೆದುರೇ ಇದ್ದದ್ದನ್ನು ನಾನು ನೋಡಿಯೂ ಕಲಿತಿರಲಿಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಬಗ್ಗೆ ಅನುಮಾನ ಬಂದರೆ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು, ಮುಚ್ಚಿ, ಒಲೆ ದೀಪ ಇಲ್ಲದ ಕಡೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಗೆರೆ ಕಂಡರೆ ಆ ಟ್ಯಾಂಕ್ ಅಷ್ಟೂ ಹಾಳು. ಮೇಲಿನದನ್ನು ಬಸಿದು ಉಳಿಸುವ ಆಸೆ ಬೇಡ. ಹೊಸ ಪೆಟ್ರೋಲ್ ಬೆರೆಸಿದರೂ ನೀರು ಎಲ್ಲಿಗೂ ಹೋಗುವುದಿಲ್ಲ. ಹೊಳೆಗೆ ಮಾತ್ರ ಚೆಲ್ಲಬೇಡಿ. ನನ್ನದನ್ನು ಮೆಕ್ಯಾನಿಕ್ಕೇ ಇಟ್ಟುಕೊಂಡರು, ಸಾಮಾನು ತೊಳೆಯಲಿಕ್ಕೆ.

ಟ್ಯಾಂಕಿನ ಮೇಲೆ ಈಗ ತುಂಬಿಸಿದ ತಾರೀಕು ಬರೆಯುತ್ತೇವೆ. ಬರೆಯುವವನು ಅಣ್ಣನ ಮಗ. ಅವನ ಅಪ್ಪನಿಗೆ ಇನ್ನೂ ಪೂರ್ತಿ ಕತೆ ಗೊತ್ತಿಲ್ಲ. ಇಂಜಿನ್ ಕೆಟ್ಟಿತ್ತು, ಯಾರೋ ಎಳೆದು ತಂದರು ಎಂದಷ್ಟೇ ಹೇಳಿದ್ದೇವೆ. ಅಣ್ಣಾ, ಇದನ್ನು ಓದಿದರೆ ಮೊದಲು ಒಂದು ಫೋನ್ ಮಾಡು, ಆಮೇಲೆ ಮನೆಗೆ ಬಾ.