ಜ್ಯೇಷ್ಠತಾ ಪಟ್ಟಿಗೆ ಆಕ್ಷೇಪಣೆ ಬರೆದುಕೊಡುವ ಕಲಬುರಗಿಯ ಒಂದು ಕಚೇರಿ: ಬಳಸಿ ನೋಡಿದವನ ಅಭಿಪ್ರಾಯ

ಕಲಬುರಗಿಯ ಮಿನಿ ವಿಧಾನಸೌಧದ ಆಸುಪಾಸಿನಲ್ಲಿರುವ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಗಳ ನಡುವೆ, ಸರ್ಕಾರಿ ನೌಕರರ ಸೇವಾ ವಿಷಯಗಳಿಗೆ ಮಾತ್ರ ಮನವಿ ಮತ್ತು ಆಕ್ಷೇಪಣೆಗಳನ್ನು ಬರೆದುಕೊಡುವ ಒಂದು ಸಣ್ಣ ಕಚೇರಿ ಇದೆ. ನಿವೃತ್ತ ಕಚೇರಿ ಅಧೀಕ್ಷಕರೊಬ್ಬರು ಅದನ್ನು ನಡೆಸುತ್ತಾರೆ. ಸಂಜೆಯ ಹೊತ್ತು ಒಬ್ಬ ವಕೀಲರು ಬಂದು ಕೂಡುತ್ತಾರೆ. ಈ ಬರಹದಲ್ಲಿ ಕೆಲವು ದೂರುಗಳೂ ಇರುವುದರಿಂದ ಕಚೇರಿಯ ಹೆಸರನ್ನು ಬರೆಯುತ್ತಿಲ್ಲ. ನನ್ನ ಇಲಾಖೆ ಇನ್ನೊಂದು ಇಲಾಖೆಯೊಂದಿಗೆ ವಿಲೀನಗೊಂಡ ಮೇಲೆ ಪ್ರಥಮ ದರ್ಜೆ ಸಹಾಯಕರ ತಾತ್ಕಾಲಿಕ ಜ್ಯೇಷ್ಠತಾ (ಸೇವಾ ಹಿರಿತನದ) ಪಟ್ಟಿ ಪ್ರಕಟವಾಯಿತು. ನನಗಿಂತ ಎಷ್ಟೋ ತಡವಾಗಿ ಸೇವೆಗೆ ಬಂದವರು ಅದರಲ್ಲಿ ನನಗಿಂತ ಮೇಲಿದ್ದರು. ಅಧೀಕ್ಷಕ ಹುದ್ದೆಯ ಮುಂಬಡ್ತಿ ಇದೇ ಪಟ್ಟಿಯ ಮೇಲೆ ನಡೆಯುವುದರಿಂದ ಸುಮ್ಮನಿರುವಂತಿರಲಿಲ್ಲ. ಆಕ್ಷೇಪಣೆ ಸಲ್ಲಿಸಲು ಈ ಕಚೇರಿಯ ನೆರವು ಪಡೆದೆ.

ನೌಕರರ ಸಂಘಕ್ಕೆ ಏಕೆ ಹೋಗಲಿಲ್ಲ ಎಂದು ಕೇಳುವವರಿದ್ದಾರೆ. ವಿಲೀನಗೊಂಡ ಎರಡೂ ಇಲಾಖೆಗಳವರು ಒಂದೇ ಸಂಘದ ಸದಸ್ಯರಾಗಿರುವಾಗ ಸಂಘವು ಒಬ್ಬರ ಪರವಾಗಿ ಬರೆದರೆ ಇನ್ನೊಬ್ಬರ ವಿರುದ್ಧ ಬರೆದಂತಾಗುತ್ತದೆ. ನೇರವಾಗಿ ವಕೀಲರ ಬಳಿಗೆ ಹೋಗುವುದು ಆ ಹಂತದಲ್ಲಿ ಅವಸರವಾಗುತ್ತಿತ್ತು, ಏಕೆಂದರೆ ಅಂತಿಮ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಅನ್ಯಾಯದ ಕಥೆ ಹೇಳಲು ಆರಂಭಿಸಿದಾಗ ಅಧೀಕ್ಷಕರು ಕೈಯಲ್ಲೇ ತಡೆದರು. “ಮೊದಲ ಎಸ್‌ಆರ್ ನಕಲು ತೋರಸ್ರಿ ಸರ್, ಪಟ್ಟಿ ಆಮ್ಯಾಲ ನೋಡೂಣು” ಎಂದರು. ಸೇವಾ ಪುಸ್ತಕದ ದೃಢೀಕೃತ ನಕಲು, ಎಚ್‌ಆರ್‌ಎಂಎಸ್‌ನಿಂದ (ಸರ್ಕಾರಿ ನೌಕರರ ಸೇವಾ ವಿವರಗಳ ಗಣಕ ವ್ಯವಸ್ಥೆ) ತೆಗೆದ ಪ್ರತಿ, ನೇಮಕಾತಿ ಆದೇಶ, ಪ್ರೊಬೇಷನ್ ಪೂರ್ಣಗೊಂಡ ಆದೇಶ ಇವಿಷ್ಟನ್ನು ಸಾಲಾಗಿ ಇಟ್ಟು, ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಫುಟ್‌ಪಟ್ಟಿ ಇಟ್ಟುಕೊಂಡು, ಒಂದೊಂದೇ ಕಾಲಂ ಮೇಲೆ ಕೆಂಪು ಪೆನ್ಸಿಲ್ ಆಡಿಸುತ್ತಾ ಹೋದರು. ಜನ್ಮ ದಿನಾಂಕ ಸರಿ, ನೇಮಕಾತಿಯ ವಿಧಾನ ಸರಿ, ಇಲಾಖಾ ಪರೀಕ್ಷೆ ಸರಿ. “ವೃಂದಕ್ಕೆ ಸೇರಿದ ದಿನಾಂಕ” ಎಂಬ ಕಾಲಂನಲ್ಲಿ ಪೆನ್ಸಿಲ್ ನಿಂತಿತು (ವೃಂದ ಎಂದರೆ ಒಂದೇ ದರ್ಜೆಯ ಹುದ್ದೆಗಳ ಗುಂಪು). ಅಲ್ಲಿ ನನ್ನ ಮೂಲ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕನಾದ ದಿನಾಂಕದ ಬದಲು, ವಿಲೀನದ ಆದೇಶದ ಮೇಲೆ ಹೊಸ ಇಲಾಖೆಯಲ್ಲಿ ವರದಿ ಮಾಡಿಕೊಂಡ ದಿನಾಂಕ ಇತ್ತು. ನನ್ನ ಹಿಂದಿನ ಇಲಾಖೆಯಿಂದ ಬಂದ ಎಲ್ಲರ ಹೆಸರಿನ ಎದುರೂ ಬಹುತೇಕ ಅದೇ ದಿನಾಂಕ ಕಾಣುತ್ತಿತ್ತು. ಪಟ್ಟಿ ತಯಾರಿಸಿದ ಶಾಖೆಯವರು ಎಚ್‌ಆರ್‌ಎಂಎಸ್‌ನಲ್ಲಿ ಸುಲಭವಾಗಿ ಸಿಕ್ಕ ದಿನಾಂಕವನ್ನು ಎತ್ತಿಕೊಂಡಿದ್ದರು ಎಂಬುದು ಅಧೀಕ್ಷಕರ ಊಹೆ. ಆ ಊಹೆ ನನಗೂ ಒಪ್ಪಿಗೆಯಾಯಿತು. ನಮ್ಮ ಕಚೇರಿಯಲ್ಲಿ ಎಲ್ಲರೂ ಪಿತೂರಿಯ ಮಾತನ್ನೇ ಆಡುತ್ತಿದ್ದರು. ಇಲ್ಲಿ ನೋಡಿದರೆ ಅದು ಗುಮಾಸ್ತಿಕೆಯ ತಪ್ಪು.

ಆಕ್ಷೇಪಣೆಯ ತಿರುಳನ್ನು ಅವರು ಕರ್ನಾಟಕ ಸರ್ಕಾರಿ ನೌಕರರ (ಜ್ಯೇಷ್ಠತೆ) ನಿಯಮಗಳು, 1957ರ 6ನೇ ನಿಯಮದ ಮೇಲೆ ನಿಲ್ಲಿಸಿದರು. ಒಂದು ವರ್ಗದಿಂದ ಅದೇ ವೇತನ ಶ್ರೇಣಿಯ ಇನ್ನೊಂದು ವರ್ಗಕ್ಕೆ ಸಾರ್ವಜನಿಕ ಹಿತಾಸಕ್ತಿಯಿಂದ ವರ್ಗಾವಣೆಯಾದವರಿಗೆ, ಹಿಂದಿನ ವರ್ಗದಲ್ಲಿ ಮೊದಲು ನೇಮಕಗೊಂಡ ದಿನಾಂಕವನ್ನು ಆಧರಿಸಿಯೇ ಜ್ಯೇಷ್ಠತೆ ನಿಗದಿಯಾಗಬೇಕು. ಸ್ವಂತ ಕೋರಿಕೆಯ ಮೇಲೆ ಬಂದವರು ಮಾತ್ರ ಆ ದಿನ ಅಲ್ಲಿದ್ದ ಎಲ್ಲರಿಗಿಂತ ಕೆಳಗೆ ಹೋಗಬೇಕು. ವಿಲೀನವನ್ನು ಯಾವ ನೌಕರನೂ ಅರ್ಜಿ ಹಾಕಿ ತರಿಸಿಕೊಳ್ಳುವುದಿಲ್ಲ, ಅದು ಸರ್ಕಾರದ ತೀರ್ಮಾನ. ಹೀಗಾಗಿ ವಿಲೀನದ ಆದೇಶದಲ್ಲಿ ಅಥವಾ ತಿದ್ದುಪಡಿಯಾದ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ವರದಿ ಮಾಡಿಕೊಂಡ ದಿನಾಂಕವನ್ನು ಹಿಡಿದು ನಮ್ಮನ್ನು ಕೆಳಗಿಳಿಸುವುದು ಕೋರಿಕೆಯ ವರ್ಗಾವಣೆಯ ಶಿಕ್ಷೆಯನ್ನು ಕೋರದವರಿಗೆ ವಿಧಿಸಿದಂತೆ ಎಂಬುದು ವಾದ. ಒಂದೂವರೆ ಪುಟದಲ್ಲಿ ಮುಗಿದ ಈ ಭಾಗ ಅಚ್ಚುಕಟ್ಟಾಗಿತ್ತು. ಹಿಂದೊಮ್ಮೆ ಸ್ವಂತ ಕೋರಿಕೆಯ ಮೇಲೆ ಬೀದರ್‌ನಿಂದ ಕಲಬುರಗಿಗೆ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರಿಗೆ ಈ ವಾದ ಪೂರ್ತಿಯಾಗಿ ಸಿಗುವುದಿಲ್ಲ ಎಂಬುದನ್ನು, ಅವರ ಪಟ್ಟಿಯ ಷರಾ ಕಾಲಂ ಓದಿದ ಕೂಡಲೇ ಅಧೀಕ್ಷಕರು ಅವರಿಗೆ ಹೇಳಿಬಿಟ್ಟರು.

ಎರಡು ಇಲಾಖೆಗಳಲ್ಲಿ ಹುದ್ದೆಯ ಹೆಸರು ಒಂದೇ ಇದ್ದು ಕೆಲಸ ಬೇರೆ ಇದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ಪಟ್ಟಿಯ ಇನ್ನೊಂದು ತೊಡಕು. ಇದಕ್ಕೆ ಅಧೀಕ್ಷಕರು ತೆಗೆದದ್ದು 1956ರ ಇತಿಹಾಸ. ಆ ವರ್ಷದ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಭಾಗಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ, ಮುಂಬಯಿ, ಮದ್ರಾಸು, ಕೊಡಗು ಕಡೆಯಿಂದ ಬಂದವರೊಂದಿಗೆ ನಮ್ಮ ಕಡೆಯ ನೌಕರರನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಬೇಕಾಯಿತು. ರಾಜ್ಯಗಳ ಪುನರ್ವಿಂಗಡಣಾ ಅಧಿನಿಯಮದ 115ನೇ ಪ್ರಕರಣ ಆ ಕೆಲಸದ ಆಧಾರ. ಹುದ್ದೆಗಳನ್ನು ಸಮೀಕರಿಸಲು ಆಗ ಮುಖ್ಯ ಕಾರ್ಯದರ್ಶಿಗಳ ಸಮ್ಮೇಳನದಲ್ಲಿ ರೂಪುಗೊಂಡ ನಾಲ್ಕು ಅಂಶಗಳನ್ನು ಸುಪ್ರೀಂ ಕೋರ್ಟ್ 1968ರ ಪಿ.ಕೆ. ರಾಯ್ ಪ್ರಕರಣದಲ್ಲಿ ಎತ್ತಿಹಿಡಿದಿದೆ: ಹುದ್ದೆಯ ಸ್ವರೂಪ ಮತ್ತು ಕರ್ತವ್ಯ, ಅದು ಹೊತ್ತ ಜವಾಬ್ದಾರಿ ಮತ್ತು ಚಲಾಯಿಸುವ ಅಧಿಕಾರ, ನೇಮಕಾತಿಗೆ ಬೇಕಾದ ಕನಿಷ್ಠ ವಿದ್ಯಾರ್ಹತೆ, ಸಂಬಳ. ಸಂಬಳವನ್ನೇ ಮುಂದಿಟ್ಟುಕೊಂಡು ಜಗಳ ಮಾಡುವವರೇ ಹೆಚ್ಚಾಗಿರುವ ನಮ್ಮ ಕಚೇರಿಗಳಲ್ಲಿ ಈ ನಾಲ್ಕನ್ನೂ ಒಟ್ಟಿಗೆ ತೂಗಬೇಕೆಂದು ತಿಳಿಸಿ ಹೇಳುವವರು ಕಡಿಮೆ. ನನ್ನ ಕರ್ತವ್ಯ ಪಟ್ಟಿಯನ್ನೂ ಇನ್ನೊಂದು ಇಲಾಖೆಯ ಅದೇ ಹುದ್ದೆಯ ಕರ್ತವ್ಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಅವರು ಮಾಡಿಕೊಟ್ಟ ಹೋಲಿಕೆಯ ಅನುಬಂಧ ಈ ಸೇವೆಯಲ್ಲೇ ಬೆಲೆಯುಳ್ಳ ಭಾಗ.

ಈ ಕಚೇರಿಯನ್ನು ನಾನು ಮೆಚ್ಚಿದ ಮುಖ್ಯ ಕಾರಣ ಬೇರೆ. ನನ್ನ ಕರಡಿನಲ್ಲಿದ್ದ ಬೇಡಿಕೆಗಳಲ್ಲಿ ಅರ್ಧದಷ್ಟನ್ನು ಅಧೀಕ್ಷಕರು ಹೊಡೆದುಹಾಕಿದರು. ವಿಲೀನ ಆಗದಿದ್ದರೆ ನನ್ನ ಸರದಿ ಬೇಗ ಬರುತ್ತಿತ್ತು, ಪಟ್ಟಿ ಉದ್ದವಾದ್ದರಿಂದ ಮುಂಬಡ್ತಿ ದೂರವಾಯಿತು, ಆದ್ದರಿಂದ ಹಳೆಯ ಪಟ್ಟಿಯನ್ನೇ ಉಳಿಸಬೇಕು ಎಂಬುದು ನನ್ನ ಬೇಡಿಕೆಗಳಲ್ಲಿ ಒಂದು. “ಇದು ಹಕ್ಕಲ್ರಿ, ಅವಕಾಶ. ಕೋರ್ಟ್‌ನಾಗ ನಿಲ್ಲಂಗಿಲ್ಲ” ಎಂದರು. ಆಧಾರವನ್ನೂ ತೋರಿಸಿದರು. ಹಳೆಯ ಹೈದರಾಬಾದ್ ರಾಜ್ಯದಿಂದ ಮುಂಬಯಿ ರಾಜ್ಯಕ್ಕೆ ಹೋದ ತಹಶೀಲ್ದಾರರು ಹೂಡಿದ್ದ, 1974ರ ಕಾನೂನು ವರದಿಗಳಲ್ಲಿರುವ ರಾಮಚಂದ್ರ ಶಂಕರ ದೇವಧರ್ ಪ್ರಕರಣದಲ್ಲಿ, ಮುಂಬಡ್ತಿಗೆ ಪರಿಗಣಿಸಲ್ಪಡುವುದು ಸೇವಾ ಷರತ್ತು, ಆದರೆ ಮುಂಬಡ್ತಿಯ ಅವಕಾಶ ಎಷ್ಟು ಬೇಗ ಅಥವಾ ತಡವಾಗಿ ಬರುತ್ತದೆ ಎಂಬುದು ಸೇವಾ ಷರತ್ತಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೂ ಮೊದಲು 1967ರಲ್ಲಿ ಮೈಸೂರು ರಾಜ್ಯದ ವಿರುದ್ಧ ಜಿ.ಬಿ. ಪುರೋಹಿತ್ ಪ್ರಕರಣದಲ್ಲಿ, ನೈರ್ಮಲ್ಯ ನಿರೀಕ್ಷಕರ ಜಿಲ್ಲಾ ಮಟ್ಟದ ಜ್ಯೇಷ್ಠತೆಯನ್ನು ರಾಜ್ಯ ಮಟ್ಟಕ್ಕೆ ಬದಲಿಸಿದಾಗ ಕೆಳಗಿಳಿದವರಿಗೂ ಇದೇ ಉತ್ತರ ಸಿಕ್ಕಿತ್ತು. ಹಣ ಕೊಡಲು ಸಿದ್ಧನಾಗಿ ಎದುರಿಗೆ ಕುಳಿತವನಿಗೆ ನಿನ್ನ ಅರ್ಧ ಬೇಡಿಕೆ ನಿಲ್ಲುವುದಿಲ್ಲ ಎಂದು ಹೇಳುವವರು ಈ ವ್ಯವಹಾರದಲ್ಲಿ ಅಪರೂಪ. ಪುಟದ ಲೆಕ್ಕದಲ್ಲಿ ದುಡ್ಡು ಪಡೆಯುವ ಕಡೆಗಳಲ್ಲಂತೂ ಎಲ್ಲ ಬೇಡಿಕೆಗಳೂ ಅರ್ಜಿಯಲ್ಲಿ ಉಳಿಯುತ್ತವೆ.

ಇನ್ನು ದೂರುಗಳು. ಅಂತಿಮ ಪ್ರತಿ ಎಂದು ಕೊಟ್ಟದ್ದರ ಮೂರನೆಯ ಪುಟದಲ್ಲಿ, ನನಗೆ ಸಂಬಂಧವೇ ಇಲ್ಲದ ಮತ್ತೊಂದು ಇಲಾಖೆಯ ಹೆಸರು ಉಳಿದಿತ್ತು. ಅದರ ಕೆಳಗಿನ ಪ್ಯಾರಾದಲ್ಲಿ ಸುಪ್ರೀಂ ಕೋರ್ಟಿನ 2017ರ ಬಿ.ಕೆ. ಪವಿತ್ರ ತೀರ್ಪಿನ ಉಲ್ಲೇಖವಿತ್ತು. ಆ ತೀರ್ಪು ಮೀಸಲಾತಿಯಡಿ ಮುಂಬಡ್ತಿ ಪಡೆದವರ ತತ್ಪರಿಣಾಮ (ಆ ಮುಂಬಡ್ತಿಯ ಫಲವಾಗಿ ಬರುವ) ಜ್ಯೇಷ್ಠತೆಯನ್ನು ಕುರಿತದ್ದು. ರಾಜ್ಯವು ಆಮೇಲೆ ತಂದ ಹೊಸ ಕಾಯ್ದೆಯನ್ನು 2019ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿದಿದೆ. ನನ್ನ ವಿಲೀನದ ತಕರಾರಿಗೂ ಅದಕ್ಕೂ ಸಂಬಂಧವಿಲ್ಲ. ಹಳೆಯ ಗಿರಾಕಿಯೊಬ್ಬರ ಕಡತದಿಂದ ನಕಲು ಮಾಡಿ ಅಂಟಿಸಿದ ಪ್ಯಾರಾ ಅದೆಂದು ಕೇಳಿದಾಗ ಒಪ್ಪಿಕೊಂಡು ತಿದ್ದಿಕೊಟ್ಟರು. ಆದರೆ ಓದದೆ ಸಹಿ ಹಾಕುವವರು ಎಷ್ಟು ಮಂದಿ ಇಂಥ ಪ್ಯಾರಾಗಳನ್ನು ಹೊತ್ತು ಆವಕ ಶಾಖೆಗೆ ಹೋಗಿರಬಹುದು?

ಇದಕ್ಕಿಂತ ಗಂಭೀರವಾದದ್ದು, ಒಂದೇ ಪಟ್ಟಿಯ ಎರಡೂ ಪಕ್ಷದವರಿಗೆ ಈ ಕಚೇರಿ ಬರೆದುಕೊಡುತ್ತದೆ. ನಾನು ಕುಳಿತಿದ್ದಾಗಲೇ, ಆಕ್ಷೇಪಣೆಯಿಂದ ಕೆಳಗಿಳಿಯಬಹುದಾದ ಇನ್ನೊಂದು ಇಲಾಖೆಯ ನೌಕರರೊಬ್ಬರು ತಮ್ಮ ಉತ್ತರದ ಕರಡಿಗಾಗಿ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು. ಇಬ್ಬರೂ ಚಹಾ ಕುಡಿದೆವು, ಮನಸ್ತಾಪವೇನೂ ಇಲ್ಲ. ಅವರೂ ನನ್ನಂತೆಯೇ ಇನ್ನೊಬ್ಬರು ಹೊರಡಿಸಿದ ಪಟ್ಟಿಯಲ್ಲಿ ಸಿಕ್ಕಿಕೊಂಡವರು. ಆದರೂ ನನ್ನ ಕರ್ತವ್ಯ ಪಟ್ಟಿಯ ಹೋಲಿಕೆ ಅವರ ಉತ್ತರ ತಯಾರಿಸುವವರ ಮೇಜಿನ ಮೇಲೆಯೇ ಬಿದ್ದಿರುವುದು ಸರಿಯಲ್ಲ. ಕೇಳಿದರೆ “ನಾವು ವಕೀಲರಲ್ರಿ, ಬರೆಯೋರು” ಎಂಬ ಉತ್ತರ ಬಂತು. ಸಂಜೆ ಬರುವ ವಕೀಲರು ಅದೇ ಕೋಣೆಯಲ್ಲಿ ಕೂಡುವಾಗ ಆ ಉತ್ತರ ಸಾಲದು.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವಿಷಯದಲ್ಲೂ ಇವರ ಹಿಡಿತ ಸಡಿಲ. 2013ರ ಆದೇಶದ ಮೇಲೆ ನಮ್ಮ ಭಾಗದ ನೇಮಕಾತಿಯಲ್ಲಿ ಸ್ಥಳೀಯರಿಗೆ ‘ಸಿ’ ಗುಂಪಿಗೆ ಶೇ. 80, ‘ಡಿ’ ಗುಂಪಿಗೆ ಶೇ. 85ರ ಮೀಸಲು ಬಂದ ನಂತರ, ಸ್ಥಳೀಯ ವೃಂದದ (ಈ ಭಾಗದ ಹುದ್ದೆಗಳ) ಜ್ಯೇಷ್ಠತಾ ಪಟ್ಟಿಯೇ ಬೇರೆ, ಉಳಿಕೆ ಮೂಲ ವೃಂದದ್ದೇ (ಉಳಿದ ರಾಜ್ಯದ್ದೇ) ಬೇರೆ. ವಿಲೀನದಲ್ಲಿ ಎರಡು ಇಲಾಖೆಗಳು ಕೂಡಿದರೂ ಸ್ಥಳೀಯ ವೃಂದದವನನ್ನು ಸ್ಥಳೀಯ ವೃಂದದವರೊಂದಿಗೇ ಹೋಲಿಸಬೇಕು. ಯಾದಗಿರಿಯಿಂದ ಬಂದಿದ್ದ ನನ್ನ ಪರಿಚಿತರೊಬ್ಬರ ಕರಡಿನಲ್ಲಿ ಉಳಿಕೆ ಮೂಲ ವೃಂದದಲ್ಲಿರುವ ನಾಲ್ವರನ್ನು ಅವರ ಕಿರಿಯರೆಂದು ತೋರಿಸಿ ಹೋಲಿಕೆ ಮಾಡಲಾಗಿತ್ತು. ಇಂಥ ಹೋಲಿಕೆಯನ್ನು ಇಲಾಖೆ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತದೆ, ಅದರ ಜೊತೆ ಉಳಿದ ಒಳ್ಳೆಯ ಅಂಶಗಳ ತೂಕವೂ ಇಳಿಯುತ್ತದೆ. ಈ ಭಾಗದಲ್ಲಿ ಕುಳಿತು ಈ ಕೆಲಸ ಮಾಡುವವರಿಗೆ ಇದು ಮೊದಲು ಗೊತ್ತಿರಬೇಕಾದ ಸಂಗತಿ.

ಗಡುವಿನ ವಿಷಯದಲ್ಲಿ ಮಾತ್ರ ಅವರು ಬಹಳ ಎಚ್ಚರಿಕೆಯವರು. ಆಕ್ಷೇಪಣೆಯನ್ನು ಆವಕ ಶಾಖೆಯ ಮೊಹರಿನೊಂದಿಗೆ ಸಲ್ಲಿಸಿ ಬಂದ ದಿನವೇ ಕಡತದ ಹೊದಿಕೆಯ ಮೇಲೆ ಎರಡು ದಿನಾಂಕಗಳನ್ನು ಬರೆದುಕೊಟ್ಟರು. ಮೊದಲನೆಯದು ಆರು ತಿಂಗಳು ಮುಗಿಯುವ ದಿನ, ಎರಡನೆಯದು ಅಲ್ಲಿಂದ ಒಂದು ವರ್ಷ ಮುಗಿಯುವ ದಿನ. ಆಡಳಿತ ನ್ಯಾಯಮಂಡಳಿಗಳ ಅಧಿನಿಯಮ, 1985ರ ಪ್ರಕಾರ ಇಲಾಖೆಯ ಅಂತಿಮ ಆದೇಶ ಬಂದರೆ ಅದರಿಂದ ಒಂದು ವರ್ಷದೊಳಗೆ, ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಆ ಆರು ತಿಂಗಳ ನಂತರದ ಒಂದು ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಜ್ಞಾಪನದ ಮೇಲೆ ಜ್ಞಾಪನ ಕೊಡುತ್ತಾ ಕುಳಿತರೆ ಗಡುವು ಬೆಳೆಯುವುದಿಲ್ಲ. ಕಿರಿಯರಿಗೆ ಮುಂಬಡ್ತಿ ಸಿಕ್ಕಿದ್ದನ್ನು ಪ್ರಶ್ನಿಸುವವರು ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷದೊಳಗೆ ಬರಬೇಕೆಂದು ಸುಪ್ರೀಂ ಕೋರ್ಟ್ 1975ರ ಸದಾಶಿವಸ್ವಾಮಿ ಪ್ರಕರಣದಲ್ಲೇ ಹೇಳಿದ್ದನ್ನು ಅವರು ಗೋಡೆಗೆ ಅಂಟಿಸಿಟ್ಟಿದ್ದಾರೆ. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ಕಾಲ ಹೋಯಿತು. ಅದರ ಆದೇಶದ ಮೇಲೆ ಹೈಕೋರ್ಟಿಗೆ ಹೋಗುವುದಾದರೂ ಅದರ ಪೀಠವೂ ಇಲ್ಲಿಯೇ ಇದೆ. ನ್ಯಾಯಮಂಡಳಿಗೆ ಹೋಗುವಾಗ, ತಮ್ಮ ಗೆಲುವಿನಿಂದ ಕೆಳಗಿಳಿಯುವ ನೌಕರರನ್ನು ಎದುರುದಾರರನ್ನಾಗಿ ಸೇರಿಸಲೇಬೇಕು ಎಂಬ ಕಹಿ ಮಾತನ್ನೂ ಈಗಲೇ ಹೇಳಿದ್ದಾರೆ.

ಶುಲ್ಕ ಆಕ್ಷೇಪಣೆಗೆ 1,500 ರೂಪಾಯಿ. ಹೋಲಿಕೆಯ ಅನುಬಂಧಕ್ಕೆ ಪ್ರತ್ಯೇಕ 500 ಎಂಬುದನ್ನು ಮೊದಲೇ ಹೇಳಲಿಲ್ಲ, ರಸೀದಿ ಕೇಳಿದ ಮೇಲೆ ಕೊಟ್ಟರು. ಕೆಲಸಕ್ಕೆ ಹೋಲಿಸಿದರೆ ದುಬಾರಿ ಎನ್ನಲಾರೆ. ನನ್ನ ಆಕ್ಷೇಪಣೆ ಇಲಾಖೆಯ ಪರಿಶೀಲನೆಯಲ್ಲಿದೆ, ಅಂತಿಮ ಪಟ್ಟಿ ಬಂದಿಲ್ಲ. ಆದ್ದರಿಂದ ಫಲಿತಾಂಶದ ಮೇಲೆ ಈ ಸೇವೆಗೆ ಅಂಕ ಕೊಡುವುದು ಈಗ ಸಾಧ್ಯವಿಲ್ಲ, ಬರವಣಿಗೆಗೆ ಮತ್ತು ಸಲಹೆಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ.

ಹೋಗುವವರು ಸೇವಾ ಪುಸ್ತಕದ ದೃಢೀಕೃತ ನಕಲು, ವಿಲೀನದ ಆದೇಶ, ಎರಡೂ ಇಲಾಖೆಗಳ ವೃಂದ ಮತ್ತು ನೇಮಕಾತಿ ನಿಯಮಗಳು, ಸ್ಥಳೀಯ ವೃಂದಕ್ಕೆ ಸೇರಿದ ಆದೇಶ ಇವುಗಳನ್ನು ಒಯ್ಯಿರಿ. ಕರಡನ್ನು ಮನೆಗೆ ತಂದು ಪೂರ್ತಿ ಓದಿದ ಮೇಲೆಯೇ ಸಹಿ ಹಾಕಿರಿ. ಕಚೇರಿಯವರು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ವಕೀಲರು ಸಿಗುವುದು ಆರರ ಮೇಲೆ.