ವಿಜ್ಞಾನ ಯುವ ಪುರಸ್ಕಾರ: ಕಾಫಿ ತೋಟದ ಕಡೆಯಿಂದ ಒಂದು ವಿಮರ್ಶೆ

ಮಡಿಕೇರಿ ಸಮೀಪದ ತೋಟಗಳಲ್ಲಿ ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಎಂಬ ಕೀಟದ ಕುರಿತು ಸಂಶೋಧನೆ ನಡೆಸುತ್ತಿರುವ ನನ್ನ ಸಹೋದ್ಯೋಗಿಯೊಬ್ಬರಿಗಾಗಿ, ಯುವ ವಿಜ್ಞಾನಿಗಳಿಗೆ ಕೇಂದ್ರ ಸರ್ಕಾರ ನೀಡುವ ‘ವಿಜ್ಞಾನ ಯುವ–ಶಾಂತಿ ಸ್ವರೂಪ್ ಭಟ್ನಾಗರ್’ ಪುರಸ್ಕಾರದ ನಾಮನಿರ್ದೇಶನವನ್ನು ಸಿದ್ಧಪಡಿಸುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೆ. ಪುರಸ್ಕಾರ ಅವರಿಗೆ ಬರಲಿಲ್ಲ. ಆ ಅಸಮಾಧಾನ ಈ ಬರಹದೊಳಗೆ ನುಸುಳದಂತೆ ಎಚ್ಚರ ವಹಿಸಿದ್ದೇನೆ. ನುಸುಳಿದ್ದರೆ ಓದುಗರು ಅಷ್ಟನ್ನು ಕಳೆದು ಓದಿಕೊಳ್ಳಬೇಕು.

ಈ ಪುರಸ್ಕಾರಕ್ಕೂ ಮೊದಲು, 1958ರಿಂದ ನಡೆದುಬಂದ ಭಟ್ನಾಗರ್ ಪ್ರಶಸ್ತಿಗೆ ಏಳು ವಿಭಾಗಗಳಿದ್ದವು. ಅವುಗಳಲ್ಲಿ ಕೃಷಿ ವಿಜ್ಞಾನ ಇರಲಿಲ್ಲ. ಕಾಫಿ, ಏಲಕ್ಕಿ, ಕಾಳುಮೆಣಸಿನ ಮೇಲೆ ಕೆಲಸ ಮಾಡುವವರು ಜೀವವಿಜ್ಞಾನದ ವಿಭಾಗದಲ್ಲಿ, ಮಹಾನಗರಗಳ ಸುಸಜ್ಜಿತ ಪ್ರಯೋಗಾಲಯಗಳಲ್ಲಿ ಜೀನು, ಪ್ರೋಟೀನುಗಳನ್ನು ಪರೀಕ್ಷಿಸುವವರ ಜೊತೆಗೇ ಸ್ಪರ್ಧಿಸಬೇಕಾಗಿತ್ತು. ಕೇಂದ್ರ ಸರ್ಕಾರ ಹಳೆಯ ಹಲವು ಪ್ರಶಸ್ತಿಗಳನ್ನು ಕೈಬಿಟ್ಟು 2023ರಲ್ಲಿ ರೂಪಿಸಿದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ 13 ಕ್ಷೇತ್ರಗಳಿದ್ದು, ಕೃಷಿ ವಿಜ್ಞಾನಕ್ಕೆ ಅದರದೇ ಸ್ಥಾನ ದೊರೆತಿದೆ. ನನ್ನ ದೃಷ್ಟಿಯಲ್ಲಿ ಹೊಸ ವ್ಯವಸ್ಥೆಯ ಅತಿ ದೊಡ್ಡ ಗುಣ ಇದೇ. 2024ರ ಆಗಸ್ಟ್ 22ರಂದು ರಾಷ್ಟ್ರಪತಿ ಭವನದಲ್ಲಿ ನಡೆದ ಮೊದಲ ಪ್ರದಾನದಲ್ಲಿ ಅದರ ಯುವ ವಿಭಾಗವಾದ ‘ವಿಜ್ಞಾನ ಯುವ’ದ 18 ಮಂದಿಯ ಪೈಕಿ ಇಬ್ಬರು ಕೃಷಿ ವಿಜ್ಞಾನಿಗಳಿದ್ದರು.

ವಯೋಮಿತಿ 45 ವರ್ಷ. ನಲವತ್ತೈದಕ್ಕೆ ಎಂತಹ ಯುವಕರು ಎಂದು ನಗುವವರಿದ್ದಾರೆ. ಅವರು ಒಮ್ಮೆ ಕಾಂಡಕೊರಕದ ಬೆನ್ನು ಹತ್ತಿ ನೋಡಬೇಕು. ಹೆಣ್ಣು ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಹುಳು ತಿಂಗಳುಗಟ್ಟಲೆ ಕಾಂಡದೊಳಗೇ ಕೊರೆಯುತ್ತಾ ಸಾಗುತ್ತದೆ. ಹೊರಗಿನವರಿಗೆ ಕಾಣುವುದು ತೊಗಟೆಯ ಮೇಲೆ ಉಬ್ಬಿದ ಗೆರೆಗಳು ಮತ್ತು ಹಳದಿಗೆ ತಿರುಗಿದ ಎಲೆಗಳು ಮಾತ್ರ. ದುಂಬಿಗಳು ಹಾರುವುದು ವರ್ಷಕ್ಕೆ ಎರಡೇ ಬಾರಿ, ಏಪ್ರಿಲ್–ಮೇ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಒಂದು ಹಾರಾಟದ ಕಾಲ ಮಳೆಯಲ್ಲಿ ಕೈತಪ್ಪಿದರೆ ಅರ್ಧ ವರ್ಷದ ಮಾಹಿತಿಯೇ ಹೋಯಿತು. ನೆಟ್ಟ ಅರೇಬಿಕಾ ಗಿಡ ಫಸಲಿಗೆ ಬರಲು ಮೂರು–ನಾಲ್ಕು ವರ್ಷ ಬೇಕು. ಪಿಎಚ್‌ಡಿ ಮುಗಿಸಿ ಮೂವತ್ತರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿದವರು ಇಂತಹ ಎರಡು ಪ್ರಯೋಗಗಳನ್ನು ಪೂರ್ಣಗೊಳಿಸುವಷ್ಟರಲ್ಲಿ ನಲವತ್ತು ದಾಟಿರುತ್ತದೆ. ಬಹುವಾರ್ಷಿಕ ಬೆಳೆಗಳ ಸಂಶೋಧಕರಿಗೆ ಈ ಮಿತಿ ಉದಾರವೇನಲ್ಲ, ನ್ಯಾಯಯುತ ಅಷ್ಟೇ.

ತೊಡಕಿದ್ದದ್ದು ವೇಳಾಪಟ್ಟಿಯಲ್ಲಿ. 2024ರಲ್ಲಿ ನಾಮನಿರ್ದೇಶನಕ್ಕೆ ನಿಗದಿಯಾಗಿದ್ದದ್ದು ಜನವರಿ 14ರಿಂದ ಫೆಬ್ರವರಿ 28ರವರೆಗಿನ ಅವಧಿ. ದೆಹಲಿಯಲ್ಲಿ ಅದು ಅನುಕೂಲದ ಕಾಲವಿರಬಹುದು. ಕೊಡಗಿನಲ್ಲಿ ರೋಬಸ್ಟಾ ಕಾಫಿಯ ಕೊಯ್ಲಿನ ಕಾಲ. ನಾವು ಸಾಧನೆಯ ವಿವರಣೆಯನ್ನು ಬರೆದದ್ದು ಬೆಳೆಗಾರರೊಬ್ಬರ ಜಗಲಿಯಲ್ಲಿ, ಎದುರಿನ ಕಣದಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಹರಡುತ್ತಿದ್ದ ಸದ್ದಿನ ನಡುವೆ. ಶಿಫಾರಸು ಪತ್ರವೊಂದು ಕಚೇರಿಯೊಂದರ ಮೇಜಿನ ಮೇಲೆ ಎರಡು ವಾರ ಮಲಗಿತ್ತು. ಅದು ಕೈಸೇರಿದ ದಿನ ವಿದ್ಯುತ್ ಇರಲಿಲ್ಲ. ಹೀಗಾಗಿ ಲೇಖನಗಳ ಪಟ್ಟಿ ಚೊಕ್ಕಟವಾಗಿ ಮೂಡಿಬಂದರೂ, ಬೋರರ್ (ಕಾಂಡಕೊರಕ) ಬಿದ್ದ ಗಿಡಗಳನ್ನು ಗುರುತಿಸಿ ಕಿತ್ತು ಸುಡುವ ‘ಟ್ರೇಸಿಂಗ್’ ಕೆಲಸದಲ್ಲಿ ಸಹೋದ್ಯೋಗಿಯ ಸಲಹೆಯಿಂದ ಬೆಳೆಗಾರರಿಗಾದ ಪ್ರಯೋಜನವನ್ನು ನಾಲ್ಕು ಸಾಲಿಗಿಂತ ಹೆಚ್ಚು ಬರೆಯಲಾಗಲಿಲ್ಲ. ಅದು ನಮ್ಮದೇ ಲೋಪ. ಮನೆಯ ಯಜಮಾನರು ಮಾತ್ರ ಕಾಫಿ ಕೊಡುತ್ತಾ, “ಮೇಡಂ, ನಿಮಗೆ ಪ್ರಶಸ್ತಿ ಬಂತು ಅಂತ ಗೊತ್ತಾದರೆ ಬೋರರ್ ಹೆದರುತ್ತದಾ?” ಎಂದು ಕೇಳಿದ್ದರು.

ಹಳೆಯ ಭಟ್ನಾಗರ್ ಪ್ರಶಸ್ತಿಯೊಂದಿಗೆ 5 ಲಕ್ಷ ರೂಪಾಯಿ ಬರುತ್ತಿತ್ತು. ಈಗ ಪದಕ ಮತ್ತು ಪ್ರಶಸ್ತಿ ಪತ್ರ. ಹಣಕ್ಕಾಗಿ ಯಾರೂ ಕಾಂಡಕೊರಕದ ಹಿಂದೆ ಬೀಳುವುದಿಲ್ಲವಾದ್ದರಿಂದ ಇದನ್ನು ದೊಡ್ಡ ಕೊರತೆಯೆಂದು ನಾನು ಹೇಳಲಾರೆ. ಆದರೂ, ತಮ್ಮದೇ ಖರ್ಚಿನಲ್ಲಿ ಜೀಪು ಗೊತ್ತುಮಾಡಿಕೊಂಡು ತೋಟ ಸುತ್ತುವವರಿಗೆ ಆ ಮೊತ್ತ ಎರಡು ಹಂಗಾಮಿನ ಓಡಾಟಕ್ಕಾದರೂ ಆಗುತ್ತಿತ್ತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ನನ್ನ ಸಹೋದ್ಯೋಗಿಗೆ ಈಗ 43 ವರ್ಷ. ಮುಂದಿನ ಕಡತವನ್ನು ಅರೇಬಿಕಾ ಕೊಯ್ಲು ಶುರುವಾಗುವ ಮೊದಲೇ, ನವೆಂಬರ್‌ನಲ್ಲಿ ತೆರೆಯುವುದೆಂದು ಮಾತಾಗಿದೆ.